ಪ್ರಾಣವಾಯು ಮೀಮಾಂಸೆ: ಆರಾಮಕುರ್ಚಿ ಕಾಂಡ

ಪುಕ್ಕಟೆ ಸಿಗುವ ಪದಾರ್ಥದಿಂದ ಯಾರ ಆರೋಗ್ಯವೂ ಸುಧಾರಿಸಿದ್ದಿಲ್ಲ ಎಂಬುದು ಈ ಶಾಸ್ತ್ರದ ಮೊದಲ ಸೂತ್ರ. ಗಾಳಿ ಪುಕ್ಕಟೆ. ಆದ್ದರಿಂದ ಗಾಳಿಯಿಂದ ಆರೋಗ್ಯ ಬರಬೇಕಾದರೆ ಮೊದಲು ಅದನ್ನು ಕಿತ್ತುಕೊಳ್ಳಬೇಕು, ಆಮೇಲೆ ತುಸು ಧಾರಾಳವಾಗಿ ಹಿಂತಿರುಗಿಸಿ ಬಿಲ್ಲು ಬರೆಯಬೇಕು. ಇದಕ್ಕೆ ಇಂಟರ್‌ಮಿಟೆಂಟ್ ಹೈಪಾಕ್ಸಿಯಾ-ಹೈಪರಾಕ್ಸಿಯಾ ಟ್ರೈನಿಂಗ್ ಎಂದು ಹೆಸರು. ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದರೆ ಅರ್ಧ ಚಿಕಿತ್ಸೆ ಅಲ್ಲೇ ಆಯಿತು.

ವಿಧಿ ಹೀಗಿದೆ. ಸಾಧಕನು ಆರಾಮಕುರ್ಚಿಯಲ್ಲಿ ಒರಗತಕ್ಕದ್ದು. ಮುಖಕ್ಕೆ ಮಾಸ್ಕು, ಬೆರಳಿಗೆ ಆಕ್ಸಿಮೀಟರು. ಯಂತ್ರವು ಕೆಲವು ನಿಮಿಷ ಶೇ 10-12ರಷ್ಟು ಆಮ್ಲಜನಕದ ಬಡ ಗಾಳಿ ಊದುತ್ತದೆ, ಮತ್ತೆ ಕೆಲವು ನಿಮಿಷ ಶೇ 30ಕ್ಕೂ ಮೀರಿದ ಶ್ರೀಮಂತ ಗಾಳಿ. ಕಿಟಕಿಯಾಚೆ ಶೇ 21ರ ಮಧ್ಯಮವರ್ಗದ ಗಾಳಿ ಸುಮ್ಮನೆ ಬೀಸುತ್ತಿರುತ್ತದೆ, ಅದನ್ನು ಕೇಳುವವರಿಲ್ಲ. ರಕ್ತದ ಆಮ್ಲಜನಕ 85ರ ಆಸುಪಾಸಿಗೆ, ಕೆಲವೊಮ್ಮೆ ಇನ್ನೂ ಕೆಳಗೆ ಇಳಿದು, ಮತ್ತೆ ಏರುತ್ತದೆ. 2021ರಲ್ಲಿ ಇದೇ ಆಕ್ಸಿಮೀಟರು 94ಕ್ಕಿಂತ ಕೆಳಗೆ ತೋರಿಸಿದಾಗ ಮನೆಮಂದಿಯೆಲ್ಲ ಸಿಲಿಂಡರಿಗಾಗಿ ಕಂಡಕಂಡವರಿಗೆ ಫೋನು ಮಾಡಿದ್ದರು. ಆ ವರ್ಷದ ಮೇಲೆ ಭಾಷ್ಯ ಬರೆಯುವ ಎದೆಗಾರಿಕೆ ಈ ಪ್ರಬಂಧಕಾರನಿಗಿಲ್ಲ. ಮುಂದೆ ಹೋಗೋಣ.

ಇತಿಹಾಸ ನೋಡಿದರೆ, 1774ರಲ್ಲಿ ಆಮ್ಲಜನಕವನ್ನು ಬೇರ್ಪಡಿಸಿದ ಜೋಸೆಫ್ ಪ್ರೀಸ್ಟ್ಲಿ, ಮುಂದೊಂದು ದಿನ ಇದು ಸಿರಿವಂತರ ಶೋಕಿಯ ವಸ್ತುವಾದೀತೆಂದು ಊಹಿಸಿದ್ದ. ಅದರ ಅಭಾವವೂ ಮಾರಾಟವಾದೀತೆಂಬುದು ಅವನಿಗೂ ಹೊಳೆದಿರಲಿಲ್ಲ. 1875ರ ಏಪ್ರಿಲ್‌ನಲ್ಲಿ ಮೂವರು ಫ್ರೆಂಚರು ಜೆನಿತ್ ಎಂಬ ಬಲೂನಿನಲ್ಲಿ 8,000 ಮೀಟರಿಗಿಂತ ಮೇಲೇರಿದರು. ಆಮ್ಲಜನಕದ ಚೀಲಗಳು ಕೈಗೆಟಕುವಲ್ಲೇ ತೂಗುತ್ತಿದ್ದವು. ಎತ್ತಿಕೊಳ್ಳುವಷ್ಟು ತ್ರಾಣ ಯಾರಲ್ಲೂ ಉಳಿಯಲಿಲ್ಲ. ಇಬ್ಬರು ಸತ್ತರು. ಬದುಕಿ ಬಂದ ಗ್ಯಾಸ್ಟನ್ ಟಿಸಾಂಡಿಯೆ, ಮೇಲೆ ತನಗೆ ಸಂಕಟವೇನೂ ಆಗಲಿಲ್ಲ, ಒಳಗೊಳಗೇ ಆನಂದವಾಯಿತು ಎಂದು ಬರೆದ. ಶಾಸ್ತ್ರದ ಪ್ರಪ್ರಥಮ ತೃಪ್ತ ಗ್ರಾಹಕನೆಂದು ಅವನನ್ನು ಪರಿಗಣಿಸಬೇಕು. ಉಸಿರುಗಟ್ಟಿದ ಸಂಕಟವನ್ನು ಮುಖ್ಯವಾಗಿ ಹುಟ್ಟಿಸುವುದು ಒಳಗೆ ಕೂಡಿಕೊಳ್ಳುವ ಇಂಗಾಲದ ಡೈಆಕ್ಸೈಡು, ಆಮ್ಲಜನಕದ ಕೊರತೆಯಲ್ಲ. ಕೊರತೆಯೊಂದೇ ಬಂದರೆ ಮನುಷ್ಯ ನಗುನಗುತ್ತಲೇ ತಲೆ ವಾಲಿಸುತ್ತಾನೆ.

ಇದೆಲ್ಲ ನಮ್ಮ ಪ್ರಾಣಾಯಾಮದ ಕುಂಭಕದಲ್ಲೇ ಇದೆಯಲ್ಲ ಎನ್ನುವ ಪಂಡಿತರಿಗೂ ಇಲ್ಲೇ ಉತ್ತರವಿದೆ. ಕುಂಭಕದಲ್ಲಿ ಡೈಆಕ್ಸೈಡು ಒಳಗೇ ಉಳಿದು ಎಬ್ಬಿಸುತ್ತದೆ. ಕುರ್ಚಿಯಲ್ಲಿ ಉಸಿರಾಟ ನಡೆದೇ ಇರುವುದರಿಂದ ಅದು ಹೊರಗೆ ಹೋಗುತ್ತಿರುತ್ತದೆ. ಮೇಲಾಗಿ ಕುಂಭಕಕ್ಕೆ ಪ್ಯಾಕೇಜಿಲ್ಲ, ಇಎಮ್‌ಐ ಇಲ್ಲ. ಇಂಥದ್ದನ್ನು ಶಾಸ್ತ್ರವೆಂದು ಒಪ್ಪುವುದು ಹೇಗೆ?

ಬಲೂನಿನ ಪಾಠವನ್ನು ಗಂಭೀರವಾಗಿ ತೆಗೆದುಕೊಂಡವರಲ್ಲಿ ಸೋವಿಯತ್ ವಿಜ್ಞಾನಿಗಳು ಮುಖ್ಯರು. ನಿಕೊಲಾಯ್ ಸಿರೊತಿನಿನ್ ಮತ್ತು ಸಂಗಡಿಗರು 5,642 ಮೀಟರ್ ಎತ್ತರದ ಎಲ್ಬ್ರುಸ್ ಪರ್ವತದಲ್ಲಿ ದೇಹ ಕೊರತೆಗೆ ಹೇಗೆ ಒಗ್ಗುತ್ತದೆಂದು ಅಭ್ಯಾಸ ಮಾಡಿದರು. ಪೈಲಟ್‌ಗಳನ್ನು ಒತ್ತಡ ಇಳಿಸಿದ ಕೋಣೆಗಳಲ್ಲಿ ಕೂರಿಸಿ ಪಳಗಿಸಲಾಯಿತು. ಅವರಿಗೆ ಕುರ್ಚಿಯಿಂದೆದ್ದು ವಿಮಾನ ಹಾರಿಸುವುದಿತ್ತು. ನಮ್ಮ ಸಾಧಕ ಕುರ್ಚಿಯಿಂದೆದ್ದು ಪಾರ್ಕಿಂಗಿಗೆ ಹೋಗುತ್ತಾನೆ.

ಈಗ ಕರ್ನಾಟಕಕ್ಕಾಗಿರುವ ಭೌಗೋಳಿಕ ಅನ್ಯಾಯವನ್ನು ದಾಖಲಿಸದಿದ್ದರೆ ಪ್ರಬಂಧ ಅಪೂರ್ಣ. ಶೇ 10ರ ಗಾಳಿ ಎಂದರೆ 5,364 ಮೀಟರಿನ ಎವರೆಸ್ಟ್ ಬೇಸ್ ಕ್ಯಾಂಪಿಗಿಂತಲೂ ಮೇಲಿನ ಗಾಳಿಗೆ ಸಮ. ನಮ್ಮ ಮುಳ್ಳಯ್ಯನಗಿರಿಯೋ 2,000 ಮೀಟರನ್ನೂ ಮುಟ್ಟಿಲ್ಲ. ಮಂಗಳೂರಿನ ಕಡಲಮಟ್ಟದಿಂದ ಬೆಂಗಳೂರಿನ 900 ಮೀಟರಿಗೆ ರಾತ್ರಿ ಬಸ್ಸಿನಲ್ಲಿ ಏರಿದರೆ ಗಾಳಿಯ ಒತ್ತಡ ಹತ್ತರಲ್ಲೊಂದು ಪಾಲು ಇಳಿಯುತ್ತದೆ, ಅಷ್ಟೇ. ಶಿರಾಡಿ ಘಾಟಿಯ ತಿರುವಿನಲ್ಲಿ ಡ್ರೈವರು ಟ್ಯಾಂಕರನ್ನು ಓವರ್‌ಟೇಕ್ ಮಾಡುವಾಗ ತಾನಾಗಿ ನಿಲ್ಲುವ ಉಸಿರನ್ನು ಕೂಡಿಸಿದರೂ ಲೆಕ್ಕ ಸಾಲದು. ಆದಕಾರಣ ಯಂತ್ರ ಬೇಕೇ ಬೇಕು.

ನೊಬೆಲ್ ಇಲ್ಲದೆ ಇಂದು ಯಾವ ಚಿಕಿತ್ಸೆಯೂ ಬಾಗಿಲು ತೆರೆಯುವುದಿಲ್ಲ. ಇದಕ್ಕೆ 2019ರ ವೈದ್ಯಕೀಯ ನೊಬೆಲ್ ಇದೆ. ಕೇಲಿನ್, ರ್‍ಯಾಟ್‌ಕ್ಲಿಫ್, ಸೆಮೆಂಜಾ ಎಂಬ ಮೂವರು, ಜೀವಕೋಶವು ಆಮ್ಲಜನಕದ ಕೊರತೆಯನ್ನು ಹೇಗೆ ಗುರುತಿಸುತ್ತದೆಂದು ತೋರಿಸಿಕೊಟ್ಟರು. ಕೊರತೆ ಬಿದ್ದಾಗ ಎಚ್‌ಐಎಫ್ ಎಂಬ ಪ್ರೋಟೀನು ಕೊಳೆಯದೆ ಉಳಿದು, ಕೆಂಪು ರಕ್ತಕಣ ಹೆಚ್ಚಿಸುವ, ಹೊಸ ರಕ್ತನಾಳ ಬೆಳೆಸುವ ಜೀನುಗಳನ್ನು ಎಬ್ಬಿಸುತ್ತದೆ. ಅವರು ಪ್ರಶಸ್ತಿ ಪಡೆದದ್ದು ಪ್ರಯೋಗಶಾಲೆಯ ಜೀವಕೋಶಕ್ಕೆ. ಅಲ್ಲಿಂದ ಆರಾಮಕುರ್ಚಿಯವರೆಗಿನ ಹಾರಿಕೆ ಹನುಮಂತನಿಗೂ ದಕ್ಕದ್ದು, ಕರಪತ್ರ ಬರೆಯುವವನಿಗೆ ದಕ್ಕಿದೆ.

ಇನ್ನು ಪೂರ್ವಪಕ್ಷ. ಬಲವಾದದ್ದೊಂದೇ ಇದೆ, ಅದು ಪಕ್ಕದ ಕೋಣೆಯಿಂದ ಕೇಳಿಬರುತ್ತಿದೆ: ಗೊರಕೆ. ಸ್ಲೀಪ್ ಆಪ್ನಿಯಾ ಇರುವ ಮನುಷ್ಯನ ಗಂಟಲು ನಿದ್ದೆಯಲ್ಲಿ ಮುಚ್ಚಿಕೊಳ್ಳುತ್ತದೆ. ಹತ್ತು ಸೆಕೆಂಡಿಗೂ ಹೆಚ್ಚು ಹೊತ್ತು ಉಸಿರಿಲ್ಲ, ರಕ್ತದ ಆಮ್ಲಜನಕ ಕುಸಿಯುತ್ತದೆ, ಆಮೇಲೆ ಮನೆಯೇ ನಡುಗುವಂಥ ಒಂದು ಗುಟುರು, ಆಮ್ಲಜನಕ ಏರುತ್ತದೆ. ಕಾಯಿಲೆ ಜೋರಾಗಿದ್ದರೆ ಗಂಟೆಗೆ ಮೂವತ್ತಕ್ಕೂ ಹೆಚ್ಚು ಸಲ. ಯಂತ್ರವಿಲ್ಲ, ಮಾಸ್ಕಿಲ್ಲ, ಅಪಾಯಿಂಟ್‌ಮೆಂಟಿಲ್ಲ. ಕರಪತ್ರ ನಿಜವಾಗಿದ್ದರೆ ನಮ್ಮ ಊರುಗಳ ಗೊರಕೆವೀರರು ಕುಂಭಕರ್ಣನಂಥ ಆಜಾನುಬಾಹುಗಳಾಗಿ ಮಿಂಚಬೇಕಿತ್ತು. ಆದರೆ ಅವರಿಗೆ ಬಿಪಿ, ಹಗಲೆಲ್ಲ ತೂಕಡಿಕೆ, ಹೃದಯದ ಮೇಲೆ ಹೊರೆ. ಕತ್ತಿನ ರಕ್ತನಾಳದ ಕವಲಿನಲ್ಲಿ ಆಮ್ಲಜನಕದ ಕಾವಲಿಗೆ ಕೂತಿರುವ ಕ್ಯಾರೊಟಿಡ್ ಬಾಡಿ ಎಂಬ ಪುಟ್ಟ ಅಂಗವಿದೆ. ರಾತ್ರಿಯಿಡೀ ಅದು ಗಂಟೆ ಬಾರಿಸಿ ಬಾರಿಸಿ ನರಗಳನ್ನೆಲ್ಲ ರೇಗಿಸಿಡುತ್ತದೆ. ಆ ರೇಗು ಬೆಳಗಾದರೂ ಇಳಿಯದು.

ಸಿದ್ಧಾಂತ ಪಕ್ಷದವರು ಇದಕ್ಕೆ ಪ್ರಮಾಣದ ವಾದ ಹೂಡುತ್ತಾರೆ: ಎಚ್ಚರದಲ್ಲಿ, ಕೆಲವೇ ಸಲ, ಕೆಲವೇ ವಾರ ಆದರೆ ಔಷಧ, ನಿದ್ದೆಯಲ್ಲಿ ನೂರಾರು ಸಲವಾದರೆ ರೋಗ. ವಾದ ತಳ್ಳಿಹಾಕುವಂಥದ್ದಲ್ಲ. 2017ರಲ್ಲಿ ಪ್ರಕಟವಾದ ಆಸ್ಟ್ರಿಯಾದ ಒಂದು ಸಣ್ಣ ಪ್ರಯೋಗದಲ್ಲಿ, ಈ ತರಬೇತಿ ಪಡೆದ ವೃದ್ಧರು ನೆನಪಿನ ಪರೀಕ್ಷೆಯಲ್ಲೂ ನಡಿಗೆಯಲ್ಲೂ ಉಳಿದವರಿಗಿಂತ ಸುಧಾರಿಸಿದ್ದರು. ಆದರೆ ಸಣ್ಣ ಪ್ರಯೋಗ ಸಣ್ಣ ಪ್ರಯೋಗವೇ. ಚಿರಯೌವನ, ತೂಕ ಇಳಿಕೆ, ಮುಖಕಾಂತಿ, ಏಕಾಗ್ರತೆ ಎಲ್ಲವನ್ನೂ ಒಂದೇ ಮಾಸ್ಕಿನಲ್ಲಿ ತುಂಬಿಸುವಷ್ಟು ಪುರಾವೆ ಇನ್ನೂ ಹುಟ್ಟಿಲ್ಲ. ಮಾಸ್ಕು ಮಾತ್ರ ಹುಟ್ಟಿದೆ.

ಓದುಗ ಮಹಾಶಯರಲ್ಲಿ ಒಂದೇ ವಿನಂತಿ. ಹೃದಯದ ತೊಂದರೆ ಇರುವವರು, ಬಿಪಿ ಹತೋಟಿಗೆ ಬಾರದವರು, ಗರ್ಭಿಣಿಯರು ತಮ್ಮ ಡಾಕ್ಟರನ್ನು ಕೇಳದೆ ಆ ಕುರ್ಚಿ ಏರಬೇಡಿ. ಮನೆಯಲ್ಲಿ ಯಾರಿಗಾದರೂ ಗೊರಕೆಯ ನಡುವೆ ಉಸಿರು ನಿಲ್ಲುತ್ತಿದ್ದರೆ, ಪ್ಯಾಕೇಜಿಗೆ ಎತ್ತಿಟ್ಟ ದುಡ್ಡಿನಲ್ಲಿ ಮೊದಲು ಅವರಿಗೊಂದು ನಿದ್ದೆಯ ಪರೀಕ್ಷೆ ಮಾಡಿಸಿ.