ಮಾರಿದ ಮಾಲು ವಾಪಸ್ ಪಡೆಯಲಾಗುವುದಿಲ್ಲ

ಗೆ,
ಮಾನ್ಯ ಸಂಪಾದಕ ಮಹಾಶಯರು,
ಮಾರ್ವೆಲ್ ಮತ್ತು ಡಿಸಿ ಕಾಮಿಕ್ಸ್,
ಅಮೆರಿಕ.

ವಿಷಯ: ಸತ್ತವರು ಎದ್ದುಬರುವುದು, ಮದುವೆಯಾದವರು ಮತ್ತೆ ಬ್ರಹ್ಮಚಾರಿಗಳಾಗುವುದು ಹಾಗೂ ಇದರಿಂದ ಪುಣೆಯ ಓದುಗರಿಗೆ ಆಗುತ್ತಿರುವ ತೊಂದರೆ ಕುರಿತು.

ಮಾನ್ಯರೇ,

ಪುಣೆಯಲ್ಲಿ ನೆಲೆಸಿರುವ ಕೆಲವು ಕನ್ನಡಿಗ ಕಾಮಿಕ್ಸ್ ಓದುಗರು ಈ ಮೂಲಕ ತಮ್ಮಲ್ಲಿ ಅರಿಕೆ ಮಾಡಿಕೊಳ್ಳುವುದೇನೆಂದರೆ, ಅವರ ತಾಳ್ಮೆ ಮುಗಿದಿದೆ. ಅರ್ಜಿದಾರರಲ್ಲಿ ಧಾರವಾಡ, ಸೊಲ್ಲಾಪುರ, ಕಲಬುರಗಿ ಕಡೆಯಿಂದ ಬಂದವರಿದ್ದಾರೆ. ಇಲ್ಲೇ ಹುಟ್ಟಿ, ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಮರಾಠಿ, ಸ್ಪೈಡರ್‌ಮ್ಯಾನ್ ವಿಷಯಕ್ಕೆ ಜಗಳ ಬಿದ್ದಾಗ ಮಾತ್ರ ಇಂಗ್ಲಿಷ್ ಆಡುವವರೂ ಇದ್ದಾರೆ. ಅಪ್ಪಾ ಬಳವಂತ ಚೌಕದ ಪುಸ್ತಕದಂಗಡಿಗಳಲ್ಲಿ ನಿಂತು ಕಾಲು ನೋಯಿಸಿಕೊಂಡವರೇ ಎಲ್ಲರೂ.

ಪುಣೆ ಎಂಥ ಊರೆಂದು ತಮಗೆ ಮೊದಲೇ ತಿಳಿಸುವುದು ಒಳ್ಳೆಯದು. ಇಲ್ಲಿ ಮಾತಿಗಿಂತ ಬೋರ್ಡಿಗೆ ಬೆಲೆ. ಬೆಲ್ ಎಷ್ಟು ಸಲ ಒತ್ತಬೇಕು, ಗೇಟಿನ ಮುಂದೆ ಗಾಡಿ ನಿಲ್ಲಿಸಿದರೆ ಏನಾಗುತ್ತದೆ, ಪಕ್ಕದ ಮನೆಯವರ ವಿಳಾಸವನ್ನು ಇಲ್ಲಿ ಯಾಕೆ ಕೇಳಬಾರದು, ಎಲ್ಲವೂ ಬಾಗಿಲ ಮೇಲೆ ಬರೆದಿರುತ್ತದೆ. ಪುಣೇರಿ ಪಾಟಿ ಎಂದೇ ಅವಕ್ಕೆ ಹೆಸರು. ಅಂಗಡಿಗಳ ಗಲ್ಲಾಪೆಟ್ಟಿಗೆಯ ಹಿಂದೆ ಕಾಣುವುದು ಇನ್ನೊಂದು: ಮಾರಿದ ಮಾಲು ವಾಪಸ್ ಪಡೆಯಲಾಗುವುದಿಲ್ಲ. ಗಿರಾಕಿಗೆ ಇದರಿಂದ ಸಿಟ್ಟು ಬರುವುದುಂಟು. ಆದರೆ ಮಾರಿದ ಮಾಲನ್ನು ಅಂಗಡಿಯವನೇ ಇಪ್ಪತ್ತು ವರ್ಷದ ಮೇಲೆ ಗಿರಾಕಿಯ ಮನೆಗೆ ಬಂದು ಎತ್ತಿಕೊಂಡು ಹೋದದ್ದು ಈ ಊರಿನ ಇತಿಹಾಸದಲ್ಲೇ ಇಲ್ಲ. ತಾವು ಅದನ್ನು ಮಾಡಿ ತೋರಿಸಿದ್ದೀರಿ.

1987ರಲ್ಲಿ ಸ್ಪೈಡರ್‌ಮ್ಯಾನ್ ಅರ್ಥಾತ್ ಪೀಟರ್ ಪಾರ್ಕರ್ ಮತ್ತು ಮೇರಿ ಜೇನ್ ಮದುವೆ ಮಾಡಿದಿರಿ. ಪುಸ್ತಕದಲ್ಲಷ್ಟೇ ಅಲ್ಲ, ನ್ಯೂಯಾರ್ಕಿನ ಶೇ ಸ್ಟೇಡಿಯಂನಲ್ಲಿ ವೇಷಧಾರಿಗಳನ್ನು ನಿಲ್ಲಿಸಿ, ಸ್ಟ್ಯಾನ್ ಲೀ ಅವರಿಂದಲೇ ಪೌರೋಹಿತ್ಯ ಮಾಡಿಸಿದಿರಿ. ಓದುಗರು ಇಪ್ಪತ್ತು ವರ್ಷ ಆ ಸಂಸಾರ ನೋಡಿದರು. 2007ರಲ್ಲಿ ಪೀಟರನ ಮೇ ಚಿಕ್ಕಮ್ಮನಿಗೆ ಗುಂಡೇಟು ಬಿತ್ತು. ಅವಳ ಜೀವ ಉಳಿಸಲು ದಂಪತಿ ಮೆಫಿಸ್ಟೋ ಎಂಬ ಪಿಶಾಚಿಯ ಜತೆ ಕರಾರು ಮಾಡಿಕೊಂಡು, ತಮ್ಮ ಮದುವೆಯನ್ನೇ ಅವನಿಗೆ ಒಪ್ಪಿಸಿಬಿಟ್ಟರು. ವಿಚ್ಛೇದನವಾಗಿದ್ದರೆ ಒಂದು ಮಾತು. ಇದು ವಿಚ್ಛೇದನವಲ್ಲ, ಮದುವೆ ಆಗಿಯೇ ಇರಲಿಲ್ಲವಂತೆ! ಕಥೆ ಬರೆದ ಜೆ. ಮೈಕಲ್ ಸ್ಟ್ರಾಜಿನ್‌ಸ್ಕಿ ಅವರೇ ಈ ಅಂತ್ಯ ತಮಗೆ ಒಪ್ಪಿಗೆಯಿಲ್ಲ ಎಂದರು. ಆಗಿನ ಪ್ರಧಾನ ಸಂಪಾದಕ ಜೋ ಕೆಸಾಡಾ ಹಿಂಜರಿಯಲಿಲ್ಲ, ಚಿತ್ರಗಳನ್ನೂ ತಾವೇ ಬರೆದುಕೊಟ್ಟರು.

ಇದರಲ್ಲಿ ಇನ್ನೊಂದು ತೊಡಕಿದೆ. ಯಾರಿಗಾಗಿ ಇಷ್ಟೆಲ್ಲ ತ್ಯಾಗ ನಡೆಯಿತೋ ಆ ಚಿಕ್ಕಮ್ಮ 1995ರಲ್ಲೇ, ಸ್ಪೈಡರ್‌ಮ್ಯಾನ್ ಪುಸ್ತಕದ 400ನೇ ಸಂಚಿಕೆಯಲ್ಲಿ, ಸಕಲ ಗೌರವಗಳೊಂದಿಗೆ ತೀರಿಕೊಂಡಿದ್ದಳು. ಅಪರೂಪಕ್ಕೆ ಬಂದ ಒಳ್ಳೆಯ ಸಾವು ಅದು, ಕಣ್ಣೀರು ಹಾಕಿದವರು ಈಗಲೂ ಇದ್ದಾರೆ. ಕೆಲವು ವರ್ಷ ಕಳೆದ ಮೇಲೆ ಸತ್ತವಳು ಚಿಕ್ಕಮ್ಮನೇ ಅಲ್ಲ, ಅವಳಂತೆ ಕಾಣಲು ದೇಹವನ್ನೇ ಮಾರ್ಪಡಿಸಿಕೊಂಡಿದ್ದ ಒಬ್ಬ ನಟಿ ಎಂದು ತಾವು ಪ್ರಕಟಿಸಿದಿರಿ. ಹಾಗಾದರೆ ಅಂದಿನ ಕಣ್ಣೀರು ಯಾರ ಲೆಕ್ಕಕ್ಕೆ?

ಅರ್ಜಿದಾರರು ಬದಲಾವಣೆಯ ಶತ್ರುಗಳೆಂದು ತಾವು ತಿಳಿಯಬಾರದು. ಅವರ ತಂದೆತಾಯಿಗಳ ಕಾಲದ ಉದಾಹರಣೆ ನೋಡಿ. ಟೈಮ್ಸ್ ಆಫ್ ಇಂಡಿಯಾ ಬಳಗ 1964ರ ಮಾರ್ಚ್‌ನಲ್ಲಿ ಇಂದ್ರಜಾಲ ಕಾಮಿಕ್ಸ್ ಆರಂಭಿಸಿತು. ಮುಂದೆ ಅಮರ ಚಿತ್ರ ಕಥೆ ಹುಟ್ಟುಹಾಕಿದ ಕಾರ್ಕಳದ ಅನಂತ ಪೈ ಆಗ ಅಲ್ಲೇ ಇದ್ದರು. ಅದರಲ್ಲಿ ಬಂದ ಫ್ಯಾಂಟಮ್ ಮರಾಠಿಗರಿಗೆ ವೇತಾಳನಾದ, ಕನ್ನಡದಲ್ಲೂ ಮನೆಮಾತಾದ. ಫ್ಯಾಂಟಮ್‌ಗಾಗಿ ಲೀ ಫಾಕ್ ಕಲ್ಪಿಸಿದ ನಾಡಿನ ಹೆಸರು ಬಂಗಾಳವನ್ನು ನೆನಪಿಸುವಂತಿದೆ ಎಂದು ಅದನ್ನು ಡೆಂಕಾಲಿ ಮಾಡಲಾಯಿತು. ಸಿಂಗ್ ಕಡಲ್ಗಳ್ಳರು ಸಿಂಗಾ ಆದರು. ಒಂದು ದೇಶಕ್ಕೆ ದೇಶವೇ ನಕಾಶೆಯಲ್ಲಿ ಹೆಸರು ಬದಲಿಸಿತು, ಇಲ್ಲಿಯ ಮಕ್ಕಳು ಡೆಂಕಾಲಿಯ ಪೌರತ್ವ ಪಡೆದು ಸುಮ್ಮನೆ ಓದಿಕೊಂಡರು. 1936ರಿಂದ ಡಯಾನಾಳನ್ನು ಕಾಯಿಸಿದ ಫ್ಯಾಂಟಮ್ ಅವಳ ಕೈ ಹಿಡಿದದ್ದು 1977ರಲ್ಲಿ, ಅಂದರೆ 41 ವರ್ಷಕ್ಕೆ. ಅವಳಿ ಮಕ್ಕಳೂ ಆದವು. ಆ ಮದುವೆ ಇವತ್ತಿಗೂ ಊರ್ಜಿತವಾಗಿದೆ. ಗುಹೆಯಲ್ಲಿ ವಾಸಿಸುವವನಿಗೆ ಇರುವ ಶಿಸ್ತು ತಮ್ಮ ಕಚೇರಿಗಳಿಗೆ ಇಲ್ಲವಾಯಿತೇ ಎಂದು ಹಿರಿಯ ಅರ್ಜಿದಾರರೊಬ್ಬರ ಪ್ರಶ್ನೆ.

ಸಾವಿನ ವಿಷಯಕ್ಕೆ ಬಂದರೆ ಡಿಸಿಯವರು ಮುಗುಳ್ನಗಬೇಕಾಗಿಲ್ಲ. 1992ರ ನವೆಂಬರಿನಲ್ಲಿ ಸೂಪರ್‌ಮ್ಯಾನ್ ಸತ್ತ. ಕಪ್ಪು ಚೀಲದಲ್ಲಿ, ತೋಳಿಗೆ ಕಟ್ಟಿಕೊಳ್ಳುವ ಸೂತಕದ ಪಟ್ಟಿಯ ಸಮೇತ ಆ ಸಂಚಿಕೆ 60 ಲಕ್ಷಕ್ಕೂ ಮೀರಿ ಖರ್ಚಾಯಿತು. ಯಾಕೆ ಸತ್ತ ಎಂಬ ಕಾರಣ ಕೇಳಿದರೆ ಅವನನ್ನು ಕೊಂದ ಡೂಮ್ಸ್‌ಡೇ ಎಂಬ ರಾಕ್ಷಸನೂ ನಾಚಬೇಕು. ಆ ವರ್ಷ ನಡೆಯಬೇಕಿದ್ದದ್ದು ಲೋಯಿಸ್ ಜತೆ ಅವನ ಮದುವೆ. ಟಿವಿಯಲ್ಲಿ ಲೋಯಿಸ್ ಮತ್ತು ಕ್ಲಾರ್ಕ್ ಧಾರಾವಾಹಿ ಬರಲಿದೆ, ಅಲ್ಲಿ ಮದುವೆಯಾಗುವವರೆಗೆ ಇಲ್ಲಿ ತಡೆಯಿರಿ ಎಂದಾಯಿತು. ಕೈಯಲ್ಲಿ ಕಥೆಯಿಲ್ಲದ ಲೇಖಕರು ಮದುಮಗನನ್ನೇ ಕೊಂದರು! ಮರುವರ್ಷವೇ ಎದ್ದುಬಂದವನು 1996ರಲ್ಲಿ, ಟಿವಿಯ ಮುಹೂರ್ತಕ್ಕೆ ಸರಿಯಾಗಿ, ತಾಳಿ ಕಟ್ಟಿದ. ಲಗ್ನಪತ್ರಿಕೆಯ ಜಾಗದಲ್ಲಿ ತಿಥಿ ಕಾರ್ಡು ಅಚ್ಚಾಗಿ 60 ಲಕ್ಷ ಮಾರಾಟವಾದ ನಿದರ್ಶನ ಬೇರೆಲ್ಲೂ ಸಿಗದು.

ಆದರೆ ತಪ್ಪೆಲ್ಲ ತಮ್ಮದೇ ಎಂದರೆ ಅರ್ಜಿದಾರರ ಆತ್ಮಸಾಕ್ಷಿ ಒಪ್ಪುವುದಿಲ್ಲ. 1988ರಲ್ಲಿ ಬ್ಯಾಟ್‌ಮ್ಯಾನ್‌ನ ಎರಡನೆಯ ರಾಬಿನ್, ಜೇಸನ್ ಟಾಡ್, ಬದುಕಬೇಕೋ ಸಾಯಬೇಕೋ ಎಂದು ಡಿಸಿ ಫೋನ್ ಮತದಾನ ನಡೆಸಿತು. ಕರೆಯೊಂದಕ್ಕೆ 50 ಸೆಂಟ್. ಸಾಯಲಿ ಎಂದವರು 5,343, ಬದುಕಲಿ ಎಂದವರು 5,271. 72 ಮತಗಳ ಅಂತರದಲ್ಲಿ ಹುಡುಗ ಹೋದ. ಒಂದು ಪಾತ್ರದ ಮೇಲಿನ ಬೇಸರಕ್ಕೆ ಅದನ್ನು ಕೊಲ್ಲಲು ಸ್ವಂತ ಹಣ ಕೊಟ್ಟವರು ಸಂಪಾದಕರಲ್ಲ, ಅಭಿಮಾನಿಗಳು. 2005ರಲ್ಲಿ ಅವನು ರೆಡ್ ಹುಡ್ ಎಂಬ ವೇಷದಲ್ಲಿ ಮರಳಿದ. ಹೇಗೆಂದರೆ, ಸೂಪರ್‌ಬಾಯ್ ಪ್ರೈಮ್ ಎಂಬಾತ ವಾಸ್ತವ ಲೋಕದ ಗೋಡೆಗೆ ಸಿಟ್ಟಿನಿಂದ ಗುದ್ದಿದ, ಆ ಕಂಪನಕ್ಕೆ ಸತ್ತವನಿಗೆ ಜೀವ ಬಂತು. ಚಂದಮಾಮದ ವಿಕ್ರಮ ಕೂಡ ಬೇತಾಳನಿಗೆ ಇಂಥ ಉತ್ತರ ಹೇಳಿ ಪಾರಾಗಲಾರ.

ಅಭಿಮಾನಿಗಳ ಅಭಿಪ್ರಾಯ ಮಾಗಲು ಕಾಲ ಬೇಕು ಎಂಬುದೂ ನಿಜ. 1973ರಲ್ಲಿ ಪೀಟರನ ಪ್ರೇಯಸಿ ಗ್ವೆನ್ ಸ್ಟೇಸಿಯನ್ನು ಕೊಂದಾಗ ಸಿಟ್ಟಾದ ಓದುಗರು ಕಡಿಮೆಯೇನಲ್ಲ. ಇಂದು ಅದೇ ಸಂಚಿಕೆಗೆ ಆರತಿ ಎತ್ತುತ್ತಾರೆ. ಪೀಟರನ ದೇಹದಲ್ಲಿ ಡಾಕ್ಟರ್ ಆಕ್ಟೋಪಸ್‌ನ ಮನಸ್ಸು ಕೂರಿಸಿದ ಡ್ಯಾನ್ ಸ್ಲಾಟ್‌ಗೆ 2012ರ ಕೊನೆಯಲ್ಲಿ ಕೊಲೆ ಬೆದರಿಕೆಗಳೇ ಬಂದವು. ಕಾಗದದ ಮೇಲಿನ ಹುಡುಗನಿಗಾಗಿ ರಕ್ತಮಾಂಸದ ಮನುಷ್ಯನನ್ನು ಬೆದರಿಸುವವರಿಗೂ ತಮಗೂ ಸಂಬಂಧವಿಲ್ಲ ಎಂದು ಅರ್ಜಿದಾರರು ಇಲ್ಲಿ ದಾಖಲಿಸಬಯಸುತ್ತಾರೆ. 2011ರಲ್ಲಿ ಮೈಲ್ಸ್ ಮೊರಾಲೆಸ್ ಬಂದಾಗಲೂ ಕಪ್ಪು ಹುಡುಗ ಸ್ಪೈಡರ್‌ಮ್ಯಾನ್ ಹೇಗಾದಾನು ಎಂದು ಗೊಣಗಿದವರಿದ್ದರು. ಅದೇ ಹುಡುಗನ ಚಿತ್ರ ಆಸ್ಕರ್ ಗೆದ್ದಿತು. 2023ರಲ್ಲಿ ಬಂದ ಅದರ ಎರಡನೆಯ ಭಾಗ ಭಾರತದಲ್ಲಿ ಕನ್ನಡ, ಮರಾಠಿ ಸೇರಿ 10 ಭಾಷೆಗಳಲ್ಲಿ ತೆರೆಕಂಡು, 2004ರಲ್ಲಿ ಶುರುವಾಗಿ ನಾಲ್ಕು ಸಂಚಿಕೆಗೆ ನಿಂತುಹೋಗಿದ್ದ ಮುಂಬೈಯ ಧೋತಿಧಾರಿ ಸ್ಪೈಡರ್‌ಮ್ಯಾನ್ ಪವಿತ್ರ್ ಪ್ರಭಾಕರನನ್ನೂ ಮೆರೆಸಿತು. ಮೈಲ್ಸ್ ಬಂದದ್ದಕ್ಕಾಗಿ ಯಾರ ಹಳೆಯ ಪುಸ್ತಕವೂ ಸುಳ್ಳಾಗಲಿಲ್ಲ. ಓದುಗರ ದೂರು ಇರುವುದು ಇಷ್ಟೇ ಜಾಗದಲ್ಲಿ: ಹೊಸದು ಸೇರಲಿ, ಮಾರಿದ್ದನ್ನು ಅಳಿಸಬೇಡಿ.

ಮಾದರಿ ಬೇಕಿದ್ದರೆ ಪುಣೆಯಲ್ಲೇ ಇದೆ. ಮರಾಠಿ ಲೇಖಕ ಭಾ. ರಾ. ಭಾಗವತರು ಸೃಷ್ಟಿಸಿದ ಫಾಸ್ಟರ್ ಫೇಣೆ ಫುರಸುಂಗಿಯ ಹುಡುಗ, ಪುಣೆಯ ಶಾಲೆಯ ವಿದ್ಯಾರ್ಥಿ. ಅವನಿಗೆ ಅತಿಮಾನುಷ ಶಕ್ತಿಯಿಲ್ಲ, ಸೈಕಲ್ ಇದೆ. ಎಷ್ಟು ಪುಸ್ತಕ ಬಂದರೂ ಅವನು ಹುಡುಗನಾಗಿಯೇ ಉಳಿದ. 2017ರ ಸಿನಿಮಾ ಅವನನ್ನು ವೈದ್ಯಕೀಯ ಪ್ರವೇಶ ಪರೀಕ್ಷೆ ಬರೆಯುವ ತರುಣನನ್ನಾಗಿ ಮಾಡಿತು, ಅಮೇಯ ವಾಘ್ ಆ ಪಾತ್ರ ವಹಿಸಿದರು. ಬದಲಾವಣೆ ದೊಡ್ಡದೇ. ಆದರೆ ಚಿತ್ರದವರು ದಿಲೀಪ್ ಪ್ರಭಾವಳಕರರಿಗೆ ಭಾಗವತರ ವೇಷ ಹಾಕಿಸಿ ಲೇಖಕರನ್ನೇ ಕಥೆಯೊಳಗೆ ಕರೆತಂದರು, ಹಳೆಯ ಹುಡುಗ ಕಪಾಟಿನಲ್ಲಿ ಹಾಗೇ ಇದ್ದಾನೆ. (ಫುರಸುಂಗಿಯ ಕಥೆ ಮಾತ್ರ ತಮ್ಮ ಶೈಲಿಯದು. ಅದೇ ವರ್ಷ ಅದನ್ನು ಪುಣೆ ಮಹಾನಗರಪಾಲಿಕೆಗೆ ಸೇರಿಸಿದರು, 2024ರಲ್ಲಿ ಹೊರಗೆ ಹಾಕಿದರು. ಸರ್ಕಾರದಲ್ಲೂ ತಮ್ಮ ಓದುಗರಿದ್ದಂತೆ ಕಾಣುತ್ತದೆ.)

ತಮಗೆ ಇದೆಲ್ಲ ಗೊತ್ತಿಲ್ಲವೆಂದಲ್ಲ. 2024ರ ಜನವರಿಯಲ್ಲಿ ಜೊನಾಥನ್ ಹಿಕ್‌ಮನ್ ಬರೆದ ಹೊಸ ಅಲ್ಟಿಮೇಟ್ ಸ್ಪೈಡರ್‌ಮ್ಯಾನ್ ಹೊರತಂದಿರಿ. ಅದರಲ್ಲಿ ಪೀಟರ್‌ಗೆ ಮೇರಿ ಜೇನ್ ಹೆಂಡತಿ, ಇಬ್ಬರು ಮಕ್ಕಳು. ಮೊದಲ ಸಂಚಿಕೆ ಮತ್ತೆ ಮತ್ತೆ ಅಚ್ಚಾಯಿತು. ಅಂದರೆ 2007ರಲ್ಲಿ ಓದುಗರ ಮನೆಯಿಂದ ಒಯ್ದ ಮಾಲನ್ನೇ ಬೇರೆ ಬೋರ್ಡಿನ ಅಂಗಡಿಯಲ್ಲಿಟ್ಟು ಅವರಿಗೇ ಮಾರಿದಿರಿ. ಅವರೂ ಸಾಲು ನಿಂತು ಕೊಂಡರು. ಸಾಲಿನಲ್ಲಿ ಅರ್ಜಿದಾರರೂ ಇದ್ದರು ಎಂಬುದನ್ನು ತಾವು ದಯವಿಟ್ಟು ಈ ಪತ್ರದ ವಿರುದ್ಧ ಸಾಕ್ಷಿಯಾಗಿ ಬಳಸಬಾರದು.

ಹೆಚ್ಚೇನೂ ಕೇಳುವುದಿಲ್ಲ. 2023ರ ಮೇ ತಿಂಗಳಲ್ಲಿ ಕಮಲಾ ಖಾನ್ ಎಂಬ ನಾಯಕಿಯನ್ನು, ಅದೂ ಅವಳದಲ್ಲದ ಸ್ಪೈಡರ್‌ಮ್ಯಾನ್ ಪುಸ್ತಕದಲ್ಲಿ, ಕೊಂದು ಜುಲೈನಲ್ಲಿ ಎಬ್ಬಿಸಿದಿರಿ. ಇಷ್ಟು ಅವಸರವಿದ್ದಲ್ಲಿ ಮುಂದಿನ ಸಲ ಯಾರನ್ನಾದರೂ ಕೊಲ್ಲುವಾಗ ಎದ್ದುಬರುವ ತಿಂಗಳನ್ನು ಮುಖಪುಟದಲ್ಲೇ, ಬೆಲೆಯ ಪಕ್ಕದಲ್ಲಿ, ಮುದ್ರಿಸಬೇಕಾಗಿ ವಿನಂತಿ. ಅರ್ಜಿದಾರರು ಅಳುವುದನ್ನು ಬಿಟ್ಟು ಆ ತಿಂಗಳಿಗೆ ದುಡ್ಡು ಎತ್ತಿಡುತ್ತಾರೆ.

ಇಂತಿ ತಮ್ಮ ವಿಶ್ವಾಸಿಗಳು,
ಪುಣೆಯ ಓದುಗರು