ಹಾರ್ಧಿಕ ಶುಭಾಷಯ

(ಫ್ಲೆಕ್ಸ್ ಅಂಗಡಿ. ನವೆಂಬರ್ 1ಕ್ಕೆ ಇನ್ನೊಂದೇ ದಿನ.)

ಮೇಷ್ಟ್ರು: ಏನಪ್ಪಾ ಇದು, 'ರಾಜ್ಯೋತ್ಸವದ ಹಾರ್ಧಿಕ ಶುಭಾಷಯಗಳು'?

ಅಂಗಡಿಯವ: ಕಲರ್ ಚೆನ್ನಾಗಿ ಬಂದಿದೆ ಅಲ್ವಾ ಸಾರ್?

ಮೇಷ್ಟ್ರು: ಶುಭ, ಆಶಯ, ಸೇರಿದರೆ ಶುಭಾಶಯ. ಹೊಟ್ಟೆ ಸೀಳಿದ 'ಷ' ಎಲ್ಲಿಂದ ಬಂತು?

ಅಂಗಡಿಯವ: ಭಾಷೆ ಹಬ್ಬ ಅಲ್ವಾ ಸಾರ್, ಭಾಷೆಯಿಂದಲೇ ಬಂತು! ಹೋದ ವರ್ಷ ನೀವು ಹೇಳಿದ ಹಾಗೇ ಹೊಡೆದಿದ್ದೆ. ಸಂಘದ ಅಧ್ಯಕ್ಷರು ತಪ್ಪು ಅಂತ ವಾಪಸ್ ರಿಟರ್ನ್ ಕಳಿಸಿದ್ರು.

ಮೇಷ್ಟ್ರು: ವಾಪಸ್ ಅಂದಮೇಲೆ ರಿಟರ್ನ್ ಯಾಕೆ?

ಅಂಗಡಿಯವ: ಬರೀ ವಾಪಸ್ ಅಂದ್ರೆ ನಮ್ಮ ಹುಡುಗ್ರು ಅಲ್ಲಾಡಲ್ಲ ಸಾರ್. ಅಧ್ಯಕ್ಷರು ಗೇಟ್ ಬಾಗಿಲು ತಳ್ಕೊಂಡು ಬಂದು, ರೋಡಿನ ನಡು ಸೆಂಟರಲ್ಲಿ ನಿಂತು...

(ಈ ಜೋಡಿಮಾತುಗಳ ಮೇಲೆ ನನಗೆ ಅಂಥ ಸಿಟ್ಟಿಲ್ಲ. ಬೀಗ ಹಾಕಿ ಇನ್ನೊಮ್ಮೆ ಜಗ್ಗಿ ನೋಡುವವರ ಮಾತು ಅವು. ಭಕ್ತಿ ಉಕ್ಕಿ ಕಂಡಕಂಡಲ್ಲಿ ಒತ್ತು ಕೊಡುತ್ತಾರಲ್ಲ, ಅದನ್ನು ಸಹಿಸುವುದು ಕಷ್ಟ.)

ಮೇಷ್ಟ್ರು: ಹಾರ್ದಿಕಕ್ಕೆ ಅಲ್ಪಪ್ರಾಣ ಸಾಕಪ್ಪಾ.

ಅಂಗಡಿಯವ: ಅಧ್ಯಕ್ಷರ ಫೋಟೋ ಕೆಳಗೆ ಅಲ್ಪಪ್ರಾಣ ಹಾಕಿ ನನ್ನ ಪ್ರಾಣ ಉಳಿಯತ್ತಾ ಸಾರ್?

ಮೇಷ್ಟ್ರು: ಮತ್ತೆ ಆ ಕೊನೇ ಸಾಲು, 'ದನಸಹಾಯ ಮಾಡಿದ ಮಹನೀಯರು'! ಬೇಕಾದ ಕಡೆ ಮಹಾಪ್ರಾಣ ಎಲ್ಲಿ ಹೋಯ್ತು?

ಅಂಗಡಿಯವ: ಅದು ಮಾತ್ರ ಕರೆಕ್ಟಾಗಿದೆ ಸಾರ್. ದುಡ್ಡು ಕೊಟ್ಟಿದ್ದು ಡೈರಿಯವರು.