ಗ್ಯಾರೇಜಿನ ಅಧ್ಯಕ್ಷರು

ಗ್ಯಾರೇಜು ಅಂದಮೇಲೆ ಒಂದು ಹೊಂಗೆ ಮರ, ಎರಡು ಜಾಕಿ, ಎಣ್ಣೆ ಕುಡಿದು ಕಪ್ಪಾದ ನೆಲ ಮತ್ತು ಒಬ್ಬರು ಅಧ್ಯಕ್ಷರು ಇರಲೇಬೇಕು. ಮೊದಲ ಮೂರನ್ನು ಮೇಸ್ತ್ರಿ ಹೇಗೋ ಹೊಂದಿಸಿಕೊಳ್ಳುತ್ತಾನೆ. ಅಧ್ಯಕ್ಷರು ತಾವಾಗಿಯೇ ಒದಗಿ ಬರುತ್ತಾರೆ.

ತಿಂಡಿ ಮುಗಿಸಿ, ಪೇಪರನ್ನು ಮಡಚಿ ಕಂಕುಳಲ್ಲಿಟ್ಟುಕೊಂಡು, ಹತ್ತು ಗಂಟೆಗೆ ಸರಿಯಾಗಿ ಹಾಜರು. ಪೇರಿಸಿಟ್ಟ ಹಳೇ ಟೈರುಗಳೇ ಪೀಠ. ಪ್ಯಾಂಟಿಗೆ ಕರಿ ಹತ್ತಬಾರದಲ್ಲ, ಅದಕ್ಕೆ ಮೊದಲು ಪೇಪರು ಹಾಸುತ್ತಾರೆ. ನಿವೃತ್ತಿಗೆ ಮುಂಚೆ ಯಾವುದೋ ಕಚೇರಿಯಲ್ಲಿ ಕಡತ ನೋಡುತ್ತಿದ್ದವರು, ಈಗ ಕಾರಿನ ಹೊಟ್ಟೆ ನೋಡುತ್ತಾರೆ. ಅವರು ಪಾನಾ ಹಿಡಿದದ್ದನ್ನು ಕಂಡವರಿಲ್ಲ. ಆದರೂ ನಟ್ಟಿನ ಅಳತೆಯನ್ನು ಹತ್ತಡಿ ದೂರದಿಂದಲೇ ಹೇಳಿಬಿಡುತ್ತಾರೆ.

"ಅದು ಹದಿನಾಲ್ಕಲ್ಲ ಕಣೋ, ಹನ್ನೆರಡು ತಗೋ."

ಹುಡುಗ ಹದಿನಾಲ್ಕನ್ನೇ ಹಾಕಿ ಬಿಚ್ಚುತ್ತಾನೆ.

"ನೋಡ್ದಾ, ಸರಿಯಾಗಿ ಕೂತ್ರೆ ಎಷ್ಟು ಸಲೀಸು!" ಎಂದು ಅಧ್ಯಕ್ಷರು ಮುಂದಿನ ವಿಷಯಕ್ಕೆ ಹೋಗುತ್ತಾರೆ.

ಇವರ ಪೂರ್ಣ ವೈಭವ ನೋಡಬೇಕೆಂದರೆ ಬರೀ ಆಯಿಲ್ ಬದಲಿಸುವ ದಿನ ಹೋಗಿ ಪ್ರಯೋಜನವಿಲ್ಲ. ಹಳೇ ಮಾರುತಿ 800ರ ಗೇರ್ ಬಾಕ್ಸಿನಿಂದ ಆಕ್ಸಲ್ ತೆಗೆಯುವ ದಿನ ಹೋಗಬೇಕು. ಆಕ್ಸಲ್ ಒಳಹೋಗುವ ಜಾಗದಲ್ಲಿ ಆಯಿಲ್ ಸೀಲ್ ಸವೆದು ಎಣ್ಣೆ ಜಿನುಗುತ್ತಿರುತ್ತದೆ. ಸೀಲ್ ಅಂದರೆ ಎರಡು ಬೆರಳಲ್ಲಿ ಹಿಡಿಯುವ ಉಂಗುರ. ಬೆಂಗಳೂರಿನ ಜೆ.ಸಿ. ರೋಡಿನಲ್ಲಿ ಚಿಲ್ಲರೆ ಕಾಸಿಗೆ ಸಿಗುತ್ತದೆ. ಅದನ್ನು ಬದಲಿಸುವುದಕ್ಕೆ ಮಾತ್ರ ಮುಂದಿನ ಚಕ್ರದ ಸುತ್ತ ಇರುವುದನ್ನೆಲ್ಲ ಬಿಚ್ಚಬೇಕು. ಅಂದರೆ ಅರ್ಧ ದಿನದ ಸಭೆ.

ಜಾಕಿ ಏರಿಸುವ ಮೊದಲೇ ಅಧ್ಯಕ್ಷೀಯ ಭಾಷಣ ಶುರು.

"ನಮ್ಮ ಪದ್ಮಿನಿ ಕಾರಲ್ಲಿ ಈ ರಗಳೆ ಎಲ್ಲಿತ್ರೀ? ಗೇರ್ ಬಾಕ್ಸ್ ಮುಂದೆ, ಕ್ರೌನು ಹಿಂದೆ, ಮಧ್ಯೆ ಉದ್ದಕ್ಕೆ ಶಾಫ್ಟು. ಅಣ್ಣತಮ್ಮಂದಿರಿಗೆ ಬೇರೆ ಬೇರೆ ಮನೆ. ಇದ್ರಲ್ಲಿ ಇಬ್ರನ್ನೂ ಒಂದೇ ರೂಮಿಗೆ ತಳ್ಳಿ ಬಾಗಿಲು ಹಾಕಿದಾರೆ. ಸೋರದೆ ಇನ್ನೇನಾಗುತ್ತೆ?"

ಮಾತು ಪೂರಾ ಸುಳ್ಳಲ್ಲ. ಅಧ್ಯಕ್ಷರ ಜೊತೆ ಇರುವ ತೊಂದರೆಯೇ ಅದು. ಬರೀ ಸುಳ್ಳು ಹೇಳುವವರಾಗಿದ್ದರೆ ಮೇಸ್ತ್ರಿ ಎಂದೋ ಸಾಗಹಾಕುತ್ತಿದ್ದ. 800ರಲ್ಲಿ 796 ಸಿಸಿಯ ಮೂರು ಸಿಲಿಂಡರ್ ಎಂಜಿನ್ ಅಡ್ಡಡ್ಡ ಕೂತಿದೆ. ಗೇರುಗಳೂ ಡಿಫರೆನ್ಷಿಯಲ್ಲೂ ಒಂದೇ ಪೆಟ್ಟಿಗೆಯೊಳಗೆ. ಅಲ್ಲಿಂದ ಎಡಬಲದ ಚಕ್ರಗಳಿಗೆ ಎರಡು ಆಕ್ಸಲ್, ಒಂದು ಗಿಡ್ಡ, ಒಂದು ಉದ್ದ. ಅಷ್ಟು ಪುಟ್ಟ ಕಾರಿನಲ್ಲಿ ನಾಲ್ಕು ಜನ ಕಾಲು ಮಡಚದೆ ಕೂರುವುದು ಈ ಏರ್ಪಾಡಿನಿಂದಲೇ. 1959ರಲ್ಲಿ ಬ್ರಿಟನ್ನಿನ ಮಿನಿ ಕಾರಿಗೆ ಎಂಜಿನ್ನನ್ನು ಹೀಗೆ ಅಡ್ಡ ತಿರುಗಿಸಿದ ಅಲೆಕ್ ಇಸಿಗೊನಿಸ್ ಮೇಲೆ ಅಧ್ಯಕ್ಷರಿಗೆ ಇಂದಿಗೂ ಸಿಟ್ಟು. ಒಂದು ಮಾತು ಕೇಳಲಿಲ್ಲ ಅಂತ.

"1983ರ ಡಿಸೆಂಬರಿನಲ್ಲಿ ಇಂದಿರಾ ಗಾಂಧಿ ಮೊದಲನೇ ಮಾರುತಿ ಕೀಲಿ ಕೊಟ್ರಲ್ಲ, ಅವತ್ತೇ ಅಂದಿದ್ದೆ. ಮುಂದಿನ ಚಕ್ರ ಎಳೆಯೋ ಗಾಡಿ ನಮ್ಮ ರೋಡಿಗೆ ಬಾಳಲ್ಲ ಅಂತ."

ಬಾಳದ ಆ ಗಾಡಿ ದೇಶದಲ್ಲಿ 25 ಲಕ್ಷಕ್ಕೂ ಹೆಚ್ಚು ಮಾರಾಟವಾಗಿ, 30 ವರ್ಷ ಓಡಿತು. 2014ರ ಜನವರಿಯಲ್ಲಿ ಕಂಪನಿ ಅದರ ತಯಾರಿಕೆ ನಿಲ್ಲಿಸಿತು. "ನಿಲ್ಸಿದ್ರೋ ಇಲ್ವೋ?" ಎಂದು ಅಧ್ಯಕ್ಷರು ಸುತ್ತ ನೋಡುತ್ತಾರೆ. ಇದಕ್ಕೆ ಯಾರ ಬಳಿಯೂ ಉತ್ತರವಿಲ್ಲ.

ಈ ನಡುವೆ ಮೇಸ್ತ್ರಿ ಕೆಲಸ ಶುರುಮಾಡಿರುತ್ತಾನೆ. ಚಕ್ರ ನೆಲದ ಮೇಲಿರುವಾಗಲೇ ನಡುವಿನ ದೊಡ್ಡ ನಟ್ಟನ್ನು ಸಡಿಲಿಸಬೇಕು. ಒಬ್ಬ ಹುಡುಗ ಬ್ರೇಕ್ ಒತ್ತಿ ಕೂರುತ್ತಾನೆ, ಮೇಸ್ತ್ರಿ ಪಾನಾಕ್ಕೆ ಮಾರುದ್ದದ ಪೈಪು ಸಿಕ್ಕಿಸಿ ಮೈಭಾರ ಹಾಕುತ್ತಾನೆ. "ಬ್ರೇಕ್ ಒತ್ತೋ, ಒತ್ತೋ!" ಎಂದು ಅಧ್ಯಕ್ಷರು ಪೀಠದಿಂದಲೇ ಬಲಗಾಲು ಒತ್ತುತ್ತಾರೆ. ನಟ್ ಕಿರ್ರೆಂದು ಬಿಡುತ್ತದೆ. ಅಧ್ಯಕ್ಷರು ಹಣೆ ಒರೆಸಿಕೊಳ್ಳುತ್ತಾರೆ.

ಆಮೇಲೆ ಗೇರ್ ಆಯಿಲ್ ಇಳಿಸುವುದು. ತಗಡಿನ ಡಬ್ಬಿಗೆ ದಪ್ಪ ಎಣ್ಣೆ ಎಳೆಯಾಗಿ ಬೀಳುತ್ತದೆ, ಗಂಧಕದ ವಾಸನೆ ಮೂಗಿಗೆ ಅಡರುತ್ತದೆ. "ಆಯಿಲ್ ಯಾಕಯ್ಯಾ ದಂಡ ಮಾಡ್ತೀಯ, ಹಾಗೇ ಎಳಿ" ಎಂಬ ಉಳಿತಾಯದ ಸಲಹೆಯನ್ನು ಮೇಸ್ತ್ರಿ ಕೇಳಿಸಿಕೊಳ್ಳುವುದಿಲ್ಲ. ಹಾಗೇ ಎಳೆದರೆ ಅಷ್ಟೂ ಎಣ್ಣೆ ಬರುವುದು ಕೆಳಗೆ ಮಲಗಿದವನ ಮುಖಕ್ಕೆ, ಟೈರಿನ ಮೇಲೆ ಕೂತವರ ಮುಖಕ್ಕಲ್ಲ.

ಚಕ್ರ ಕಳಚಿ, ಬಾಲ್ ಜಾಯಿಂಟ್ ಬಿಡಿಸಿ, ನಕಲ್ಲನ್ನು ಹೊರಕ್ಕೆ ಸರಿಸಿದ ಮೇಲೆ ಅಸಲು ಘಟ್ಟ. ಆಕ್ಸಲ್ಲಿನ ಒಳತುದಿ ಗೇರ್ ಬಾಕ್ಸಿನೊಳಗೆ ಕಚ್ಚಿಕೊಂಡಿದೆ.

"ಎಳಿಯಯ್ಯಾ, ಜೋರಾಗಿ ಎಳಿ! ಹೆದರ್ಕೊಂಡ್ರೆ ಆಗುತ್ತಾ?"

ಎಳೆಯಬಾರದು. ಶಾಫ್ಟು ಹಿಡಿದು ಎಳೆದರೆ ಅದು ಬರುವ ಬದಲು ಒಳಗಿನ ಜಾಯಿಂಟೇ ರಬ್ಬರ್ ಬೂಟಿನೊಳಗೆ ಕಳಚಿಕೊಳ್ಳುತ್ತದೆ. ಇದು ಮೇಸ್ತ್ರಿಗೆ ಗೊತ್ತು. ಆದರೆ ಹೇಳುವುದು ಹೇಗೆ? ಗೊತ್ತಿರುವವನ ಬಾಯಲ್ಲಿ ಟಾರ್ಚು, ಬಾಯಿ ಬಿಡುವಾಗಿರುವವರ ಕೈಯಲ್ಲಿ ಟೀ. ಗ್ಯಾರೇಜಿನ ವ್ಯವಸ್ಥೆಯೇ ಹಾಗೆ.

ಮೇಸ್ತ್ರಿ ಎರಡು ಲಿವರ್ ತೆಗೆದುಕೊಂಡು ಜಾಯಿಂಟಿನ ಬಟ್ಟಲಿಗೂ ಗೇರ್ ಬಾಕ್ಸಿಗೂ ನಡುವಿನ ಸಂದಿನಲ್ಲಿ ಎದುರುಬದುರು ಇಡುತ್ತಾನೆ. ಸೀಲ್ ಕೂರುವ ಮೈಗೆ ಗೀರು ಬೀಳಬಾರದು. ಎರಡಕ್ಕೂ ಸಮವಾಗಿ ಒಂದೇ ಒಂದು ಒತ್ತು. ಒಳಗೆ ಟಕ್ ಅನ್ನುತ್ತದೆ. ತುದಿಯ ಕಚ್ಚಿನಲ್ಲಿ ಕೂತಿದ್ದ ತೆಳು ಸರ್ಕ್ಲಿಪ್ ಮುದುಡಿಕೊಂಡು ಹಿಡಿತ ಬಿಟ್ಟ ಸದ್ದು ಅದು. ಆಮೇಲೆ ಮೇಸ್ತ್ರಿ ಆಕ್ಸಲ್ಲನ್ನು ಎರಡೂ ಕೈಯಲ್ಲಿ ಆತುಕೊಂಡು ನೇರವಾಗಿ ಹೊರತರುತ್ತಾನೆ. ಹಲ್ಲುಗಳ ಮೇಲೆ ಎಣ್ಣೆ ಮಿನುಗುತ್ತಿರುತ್ತದೆ.

"ಅದನ್ನೇ ನಾನು ಆಗಿಂದ ಬಡ್ಕೋತಿದ್ದೆ" ಎನ್ನುತ್ತಾರೆ ಅಧ್ಯಕ್ಷರು.

ಹಳೇ ಸೀಲನ್ನು ಕಿತ್ತು ಕೊಟ್ಟಾಗ ಮಾತ್ರ ಅವರು ಅದನ್ನು ಕೈಯಲ್ಲಿ ಹಿಡಿಯುತ್ತಾರೆ. ಬೆಳಕಿಗೆ ಹಿಡಿದು, ಕನ್ನಡಕ ಮೇಲೆತ್ತಿ, ಅದರ ತುಟಿಯನ್ನು ಉಗುರಿನಲ್ಲಿ ಮೀಟಿ, "ಡೂಪ್ಲಿಕೇಟು" ಎಂದು ತೀರ್ಪು ಕೊಡುತ್ತಾರೆ. ಕೂಡಲೇ ಕೈ ಒರೆಸಿಕೊಳ್ಳಲು ಬನೀನು ವೇಸ್ಟು ಬೇಕು, ಆಮೇಲೆ ಸೀಮೆಎಣ್ಣೆ, ಆಮೇಲೆ ಸೋಪು. ಇದಕ್ಕೆಲ್ಲ ಒಬ್ಬ ಹುಡುಗ ಓಡಾಡುತ್ತಾನೆ. ಅಷ್ಟು ಹೊತ್ತಿಗೆ ಮೇಸ್ತ್ರಿ ಹೊಸ ಸೀಲನ್ನು ಸುತ್ತಲೂ ಸಮವಾಗಿ ತಟ್ಟಿ ಕೂರಿಸಿ, ತುಟಿಗೆ ಗ್ರೀಸ್ ಸವರಿ, ಹೊಸ ಸರ್ಕ್ಲಿಪ್ ಹಾಕಿ ಆಕ್ಸಲ್ಲನ್ನು ಒಳಗೆ ತಳ್ಳಿರುತ್ತಾನೆ.

"ಇವರನ್ನು ಹೇಗೆ ಸಹಿಸ್ಕೋತೀಯಪ್ಪ?" ಎಂದು ಅಧ್ಯಕ್ಷರು ಕೈತೊಳೆಯಲು ಹೋದಾಗ ಮೇಸ್ತ್ರಿಯನ್ನು ಕೇಳಿದೆ.

"ಅಯ್ಯೋ, ಇರ್ಲಿ ಬಿಡಿ ಸಾರ್. ಗಿರಾಕಿಗಳು ಗಳಿಗೆಗೊಂದ್ಸಲ ಬಂದು ಏನಾಗಿದೆ, ಎಷ್ಟೊತ್ತು, ಎಷ್ಟಾಗುತ್ತೆ ಅಂತಾರೆ. ಎಲ್ರಿಗೂ ಇವರೇ ಹೇಳ್ಕೋತಾರೆ. ನಂಗೆ ಗಾಡಿ ಕೆಳಗಿಂದ ಎದ್ದು ಬರೋದು ತಪ್ತು. ದಿನಕ್ಕೆ ಎರಡು ಟೀ, ಅಷ್ಟೇ ಖರ್ಚು."

ಅದೇ ಹೊತ್ತಿಗೆ ಕಾರಿನ ಯಜಮಾನ ಬಂದ. ಅಧ್ಯಕ್ಷರು ಒದ್ದೆ ಕೈ ಕೊಡವುತ್ತ ಎದುರುಗೊಂಡರು.

"ಬನ್ನಿ ಬನ್ನಿ. ಬಿಚ್ಚಿದ್ವಿ ಸಾರ್. ಸ್ವಲ್ಪ ಸತಾಯಿಸ್ತು, ಆದ್ರೂ ಬಿಡ್ಲಿಲ್ಲ ನಾವು. ಇನ್ನು ತೊಂದ್ರೆ ಇಲ್ಲ. ಎಲ್ಲಾದ್ರೂ ಸೋರಿದ್ರೆ ಮೇಸ್ತ್ರೀನ ಕೇಳಿ."

ಯಜಮಾನನಿಗೆ ಬಹಳ ಸಂತೋಷವಾಯಿತು. ಇಷ್ಟು ಬಲ್ಲವರು ತಮ್ಮ ಕಾರನ್ನು ಎಲ್ಲಿ ರಿಪೇರಿ ಮಾಡಿಸುತ್ತಾರೆಂದು ಕೇಳಿಯೇಬಿಟ್ಟ.

"ನಂದಾ? ಕಂಪನಿ ಸರ್ವಿಸ್ ಸೆಂಟರಿಗೇ ಬಿಡ್ತೀನಪ್ಪ" ಎಂದು ಅಧ್ಯಕ್ಷರು ದನಿ ತಗ್ಗಿಸಿದರು. "ಅಲ್ಲಿ ಯಾರನ್ನೂ ಒಳಗೆ ಬಿಡಲ್ಲ. ಇಂಥ ಕಡೆ ತಂದ್ರೆ ಹೋಗಿ ಬರೋರೆಲ್ಲ ನಿಂತ್ಕೊಂಡು ಬುದ್ಧಿ ಹೇಳ್ತಾರೆ ನೋಡಿ, ಕೆಲಸ ಕೆಟ್ಟೋಗುತ್ತೆ."